ಅಳಿಸಿದರೂ ಹುಟ್ಟುವ ಫೋಲ್ಡರು

ಮಗನೋ ಮಗಳೋ ‘ನಾನೊಂದು ಆ್ಯಪ್ ಮಾಡಿದೆ’ ಎಂದು ಫೋನು ಹಿಡಿದು ತೋರಿಸಿದಾಗ ತಂದೆ-ತಾಯಿಗೆ ಕಾಣುವುದು ಪರದೆಯ ಮೇಲಿನ ನಾಲ್ಕು ಗುಂಡಿಗಳು, ಒಂದು ಚಿತ್ರ, ಕೆಳಗೊಂದು ಹೆಸರು. ಹಿಗ್ಗುವುದಕ್ಕೆ ಅಷ್ಟು ಸಾಕು. ಆದರೆ ಬರೆದ ಪ್ರೋಗ್ರಾಮನ್ನು ಫೋನು ಒಪ್ಪುವ ಒಂದು ಗಂಟಾಗಿ ಕಟ್ಟುವ ಕೆಲಸ ಅಲ್ಲಿಂದ ಮುಂದೆ ಇರುತ್ತದೆ. ಆ ಗಂಟಿನ ಹೆಸರೇನು, ಅದು ಕ್ಯಾಮೆರಾ ಮುಟ್ಟಬಹುದೆ, ಆಂಡ್ರಾಯ್ಡಿನ ಎಷ್ಟನೆಯ ಆವೃತ್ತಿಗೆ ಹೊಂದಬೇಕು, ಯಾರ ಮುದ್ರೆ ಬೀಳಬೇಕು ಎಂಬುದನ್ನೆಲ್ಲ ಹತ್ತಾರು ಫೈಲುಗಳಲ್ಲಿ ಬರೆದಿಡಬೇಕು. ಇದಕ್ಕೆ ಬಿಲ್ಡ್ ಕಾನ್ಫಿಗರೇಷನ್ ಎನ್ನುತ್ತಾರೆ. ನಾವು ‘ಕಟ್ಟುವ ಕ್ರಮ’ ಎಂದುಕೊಳ್ಳೋಣ. ಕಾಲೇಜಿನ ಪಾಠದಲ್ಲಿ ಇದಕ್ಕೆ ಅರ್ಧ ತಾಸು ಸಿಕ್ಕರೆ ಹೆಚ್ಚು. ನಾನು ಕಂಡಂತೆ ಸಣ್ಣ ಆ್ಯಪುಗಳು ಪ್ರೋಗ್ರಾಮು ಕೆಟ್ಟು ಸಾಯುವುದು ಅಪರೂಪ. ಕಟ್ಟುವ ಕ್ರಮ ಗೊತ್ತಿದ್ದವನು ಊರು ಬಿಟ್ಟು ಹೋದಾಗ ಅವು ಸಾಯುತ್ತವೆ.

ನಮ್ಮ ಸೀಮೆಯಲ್ಲಿ ಊರು ಬಿಡುವುದು ಹೊಸ ಮಾತೇನಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಅಂದಿನಿಂದ ವಾಡಿ ಜಂಕ್ಷನ್ನು ಒಂದು ಕಡೆ ಮುಂಬೈಗೆ, ಇನ್ನೊಂದು ಕಡೆ ಚೆನ್ನೈಗೆ, ಮತ್ತೊಂದು ಕಡೆ ಹೈದರಾಬಾದಿಗೆ ನಮ್ಮ ಮಂದಿಯನ್ನು ಕಳಿಸಿಕೊಡುತ್ತಲೇ ಇದೆ. ಶಹಾಬಾದ ಮುಖ್ಯ ಹಳಿಯ ಮೇಲಿದೆ, ಚಿತ್ತಾಪುರ ಮತ್ತು ಸೇಡಂ ಹೈದರಾಬಾದಿನ ಹಳಿಯ ಮೇಲಿವೆ. ಚಿಂಚೋಳಿಗೆ ರೈಲಿಲ್ಲ, ಆದರೆ ಬಸ್ಸಿದೆ. ಹೋಗುವವರಿಗೆ ದಾರಿ ಇದ್ದೇ ಇರುತ್ತದೆ. ನಾನೂ ಹೀಗೆ ಹೋದವನೇ, ಹೈದರಾಬಾದಿಗೆ. ಆದ್ದರಿಂದ ಹೋಗುವವರ ಮೇಲೆ ನನಗೇನೂ ಸಿಟ್ಟಿಲ್ಲ. ಹೋಗುವಾಗ ಅವರು ತಲೆಯೊಳಗೆ ಏನನ್ನು ತೆಗೆದುಕೊಂಡು ಹೋಗುತ್ತಾರೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಶಹಾಬಾದ ಕಲ್ಲು, ನಮ್ಮ ಮಾತಿನಲ್ಲಿ ಫರ್ಸಿ, ಇದರ ವ್ಯಾಪಾರಿಗಳೊಬ್ಬರು ನನಗೆ ಬಹಳ ವರ್ಷದಿಂದ ಪರಿಚಿತರು. ಊರವರು ಅವರನ್ನು ಸಾಹುಕಾರ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಫರ್ಸಿಯ ಲೆಕ್ಕ ಹೊರಗಿನವರಿಗೆ ಸುಲಭವೆನಿಸಬಹುದು: ಉದ್ದ, ಅಗಲ, ಎಷ್ಟು ಕಲ್ಲು, ಎಷ್ಟು ಚದರಡಿ. ಆದರೆ ಒಂದು ಲಾರಿಯಲ್ಲಿ ಮೂರು ಅಳತೆಯ ಕಲ್ಲು ಇರುತ್ತದೆ, ಪಾಲಿಶ್ ಆದದ್ದೊಂದು ದರ, ಆಗದ್ದೊಂದು ದರ, ಒಡೆದ ಕಲ್ಲು ಕಳೆಯಬೇಕು, ಲಾರಿ ಬಾಡಿಗೆ ಯಾರ ಲೆಕ್ಕಕ್ಕೆ ಎಂಬ ಜಗಳ ಬೇರೆ. ಉಳಿದದ್ದು ಉದ್ರಿ. 2019ರಲ್ಲಿ ಇಂಜಿನಿಯರಿಂಗ್ ಮುಗಿಸಿದ ಇಬ್ಬರು ಹುಡುಗರು ಇದಕ್ಕೆಲ್ಲ ಒಂದು ಆ್ಯಪ್ ಮಾಡಿಕೊಟ್ಟರು. ಅಳತೆ ಒತ್ತಿದರೆ ಚದರಡಿ ಬರುತ್ತಿತ್ತು, ಕೈಯಗಲದ ಬ್ಲೂಟೂತ್ ಪ್ರಿಂಟರಿನಿಂದ ಕನ್ನಡದ ಚೀಟಿ ಹೊರಬೀಳುತ್ತಿತ್ತು. ಈ ಅಗ್ಗದ ಪ್ರಿಂಟರುಗಳಿಗೆ ಕನ್ನಡದ ಒತ್ತಕ್ಷರ ತಿಳಿಯುವುದಿಲ್ಲ. ಅಕ್ಷರಗಳನ್ನು ಚಿತ್ರವಾಗಿ ಮಾಡಿ ಕಳಿಸಬೇಕು. ಆ ಹುಡುಗರು ಅದನ್ನೂ ಮಾಡಿದ್ದರು, ಅಷ್ಟು ಜಾಣರು. ಶಹಾಬಾದದಿಂದ ಶುರುವಾದ ಆ್ಯಪು ವಾಡಿ, ಚಿತ್ತಾಪುರ, ಸೇಡಂ ಕಡೆಯ ಕೆಲವು ವ್ಯಾಪಾರಿಗಳ ಮುನೀಮರ ಫೋನಿಗೂ ಬಂತು.

2021ರಲ್ಲಿ ಒಮ್ಮೆ ತಿದ್ದುಪಡಿಯಾಯಿತು. ಆಮೇಲೆ ಒಬ್ಬ ಪುಣೆಗೆ ಹೋದ, ಇನ್ನೊಬ್ಬ ದೇಶವನ್ನೇ ಬಿಟ್ಟ. ಆ್ಯಪು ಮಾತ್ರ ನಡೆಯುತ್ತಲೇ ಇತ್ತು. ಹಳೆಯ ಫೋನು ಹಾಳಾಗಿ ಸೇಡಂನ ಮುನೀಮರೊಬ್ಬರು ಹೊಸದು ಕೊಂಡ ಮೇಲೆ ತೊಡಕು ಕಾಣಿಸಿತು. ಪ್ಲೇ ಸ್ಟೋರಿನಲ್ಲಿ ಎಷ್ಟು ಹುಡುಕಿದರೂ ಆ್ಯಪಿಲ್ಲ! ಗೂಗಲ್ಲಿನ ನಿಯಮ ಹೀಗಿದೆ: ಆ್ಯಪು ತಾನು ಆಂಡ್ರಾಯ್ಡಿನ ಯಾವ ಆವೃತ್ತಿಗೆ ಹೊಂದಿಕೊಂಡಿದ್ದೇನೆ ಎಂದು ಘೋಷಿಸಬೇಕು, ಅದು ಬಹಳ ಹಳೆಯದಾದರೆ ಹೊಸ ಫೋನು ಕೊಂಡ ಹೊಸ ಬಳಕೆದಾರರಿಗೆ ಆ ಆ್ಯಪನ್ನು ತೋರಿಸುವುದಿಲ್ಲ. ಇದು ನವೆಂಬರ್ 2022ರಿಂದ ಜಾರಿಗೆ ಬಂತು, ಮಿತಿ ವರ್ಷಕ್ಕೊಮ್ಮೆ ಮೇಲೇರುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪಾಗಲಿ, ಹಳೆಯದರ ತಿದ್ದುಪಡಿಯಾಗಲಿ, ಎಪಿಐ 35ಕ್ಕೆ, ಅಂದರೆ ಆಂಡ್ರಾಯ್ಡ್ 15ಕ್ಕೆ ಹೊಂದಿಕೊಂಡಿರಬೇಕು. ನಮ್ಮ ಆ್ಯಪು 30ರಲ್ಲಿ ನಿಂತಿತ್ತು. ಮುನೀಮರು ವಾಟ್ಸ್ಯಾಪಿನಲ್ಲಿ ಫೈಲು ಕಳಿಸಿಕೊಂಡು ಹೇಗೋ ಸಾಗಿಸುತ್ತಿದ್ದರು. ಹೀಗೆ ಎಷ್ಟು ದಿನ? ಆರು ವರ್ಷದ ಉದ್ರಿ ಲೆಕ್ಕ ಅದರೊಳಗೇ ಇತ್ತು. 2025ರ ಬೇಸಿಗೆಯಲ್ಲಿ ಸಾಹುಕಾರರು ನನಗೆ ಫೋನು ಮಾಡಿ, ‘ತಮ್ಮಾ, ಇದೊಂದ್ ಏನಾರ ಮಾಡು, ನನ್ನ ವಹಿ ಪೂರಾ ಅದರಾಗೇ ಅದ’ ಎಂದರು.

ಇಂಥ ಕೆಲಸ ಒಬ್ಬನೇ ಮಾಡಿದರೆ ಮತ್ತೆ ಒಬ್ಬನ ತಲೆಯೊಳಗೇ ಉಳಿಯುತ್ತದೆ. ಅದಕ್ಕಾಗಿ ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡೆ. ಒಬ್ಬಳು ವಾಡಿಯ ಹುಡುಗಿ, ಬಿಸಿಎ ಕೊನೆಯ ವರ್ಷ. ಇನ್ನೊಬ್ಬ ಚಿಂಚೋಳಿ ತಾಲೂಕಿನ ಹಳ್ಳಿಯವನು, ಡಿಪ್ಲೊಮಾ ಮುಗಿಸಿ ಮನೆಯಲ್ಲಿ ತೊಗರಿ ರಾಶಿಗೂ ಕೈಹಚ್ಚುವವನು. ಶನಿವಾರ-ರವಿವಾರ ನಾನು ಸೇಡಂಗೆ ಬಂದಾಗ ಸೇರುತ್ತಿದ್ದೆವು, ಉಳಿದ ದಿನ ಫೋನಿನ ಮೇಲೆ.

ಆ್ಯಪು ರಿಯಾಕ್ಟ್ ನೇಟಿವ್ ಎಂಬ ಸಲಕರಣೆಯಲ್ಲಿ ಬರೆದದ್ದು. ಫೇಸ್‌ಬುಕ್ ಕಂಪನಿ 2015ರಲ್ಲಿ ಬಿಡುಗಡೆ ಮಾಡಿದ ಇದರಲ್ಲಿ ಒಮ್ಮೆ ಬರೆದ ಪ್ರೋಗ್ರಾಮು ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ನಡೆಯುತ್ತದೆ. ಆದರೆ ಪ್ರಾಜೆಕ್ಟಿನೊಳಗೆ ‘ಆಂಡ್ರಾಯ್ಡ್’ ಮತ್ತು ‘ಐಓಎಸ್’ ಎಂಬ ಎರಡು ಫೋಲ್ಡರುಗಳಿರುತ್ತವೆ. ಕಟ್ಟುವ ಕ್ರಮವೆಲ್ಲ ಅವುಗಳೊಳಗೆ. ಪ್ರಾಜೆಕ್ಟು ಹುಟ್ಟಿದ ದಿನ ಈ ಫೋಲ್ಡರುಗಳು ಎಲ್ಲರಿಗೂ ಒಂದೇ ತೆರನಾಗಿರುತ್ತವೆ. ಆಮೇಲೆ ಪ್ರಿಂಟರಿಗೆಂದು ಒಂದು ಸಾಲು, ಅಕ್ಷರಗಳಿಗೆಂದು ಒಂದು ಫೈಲು, ಯಾವುದೋ ದೋಷಕ್ಕೆ ಅಂತರ್ಜಾಲದಲ್ಲಿ ಸಿಕ್ಕ ಔಷಧಿ ಎಂದು ಇನ್ನೆರಡು ಸಾಲು, ಹೀಗೆ ಕೈಯಿಂದ ಸೇರುತ್ತ ಹೋಗುತ್ತವೆ. ನಾಲ್ಕು ವರ್ಷ ಕಳೆದರೆ ಯಾವುದು ಹುಟ್ಟಿನಿಂದ ಬಂದದ್ದು, ಯಾವುದು ಕೈಯಿಂದ ಸೇರಿದ್ದು ಎಂದು ಬೇರ್ಪಡಿಸಲು ಬರುವುದಿಲ್ಲ. ಹೊಸ ಆವೃತ್ತಿಗೆ ಏರಿಸಬೇಕೆಂದರೆ ಹೊಸ ಫೋಲ್ಡರಿನ ಬದಲಾವಣೆಗಳನ್ನೆಲ್ಲ ಹಳೆಯದರ ಮೇಲೆ ಒಂದೊಂದಾಗಿ ಹೊಲಿಯಬೇಕು. ಒಂದೆರಡು ಆವೃತ್ತಿಯಾದರೆ ಸರಿ. ನಮ್ಮದು 0.64ರಿಂದ 0.79ಕ್ಕೆ ಏರಬೇಕಿತ್ತು.

ಪುಣೆಯ ಹುಡುಗನಿಗೆ ಫೋನು ಮಾಡಿದೆ. ಸಂಜೆ ಕೆಲಸ ಮುಗಿಸಿ ಬಂದು ಒಂದು ತಾಸು ಮಾತಾಡಿದ, ಹಳೆಯ ಲ್ಯಾಪ್‌ಟಾಪು ತೆರೆದು ಬೇಕಾದದ್ದು ಕಳಿಸಿದ. ಅವನ ಒಳ್ಳೆಯತನಕ್ಕೆ ಏನೂ ಕೊರತೆಯಿರಲಿಲ್ಲ. ಮ್ಯಾನಿಫೆಸ್ಟ್ ಎಂಬ ಫೈಲಿನಲ್ಲಿದ್ದ ಒಂದು ಸಾಲಿನ ಬಗ್ಗೆ ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದ. ಬೀಗವಿಲ್ಲದ, ಎಂದರೆ ಗುಪ್ತಲಿಪಿ ಇಲ್ಲದ ಸಂಪರ್ಕಕ್ಕೆ ಅನುಮತಿ ಕೊಡುವ ಸಾಲು ಅದು. ಆಂಡ್ರಾಯ್ಡ್ 9ರಿಂದೀಚೆಗೆ ಅಂಥ ಸಂಪರ್ಕವನ್ನು ತಾನಾಗಿಯೇ ತಡೆಯಲಾಗುತ್ತದೆ, ಬೇಕೆಂದವರು ಹೀಗೆ ಬರೆದು ತೆರೆಯಬೇಕು. ‘ಅಣ್ಣಾ, ಅದು ಯಾಕ ಹಾಕೀನಿ ಅಂತ ನನಗೂ ನೆನಪಿಲ್ಲ. ಆದ್ರ ತೆಗೀಬ್ಯಾಡ್ರಿ’ ಎಂದ.

ಈ ‘ತೆಗೀಬ್ಯಾಡ್ರಿ’ ಇದೆಯಲ್ಲ, ನಮ್ಮ ಧಂದೆಯ ಅರ್ಧ ಭಾರ ಇದೇ. ಭದ್ರತೆಯ ಬಾಗಿಲೊಂದು ತೆರೆದಿದೆ, ಯಾಕೆ ತೆರೆದಿದೆ ಯಾರಿಗೂ ಗೊತ್ತಿಲ್ಲ, ಮುಚ್ಚಲು ಯಾರಿಗೂ ಧೈರ್ಯವಿಲ್ಲ.

ಇದಕ್ಕೆ ಈಗ ಬಂದಿರುವ ಉಪಾಯ, ಕಟ್ಟುವ ಕ್ರಮವನ್ನು ಕೈಯಿಂದ ಬರೆಯದೆ ಯಂತ್ರದಿಂದ ಹುಟ್ಟಿಸುವುದು. ಬಗೆ ಹಲವಿವೆ. ಐಫೋನಿನ ಕೆಲಸ ಮಾಡುವವರು ಎಕ್ಸ್‌ಕೋಡ್‌ಜೆನ್, ಟುಯಿಸ್ಟ್ ಎಂಬವನ್ನು ಬಳಸುತ್ತಾರೆ. ರಿಯಾಕ್ಟ್ ನೇಟಿವ್ ಮಂದಿಗೆ ಎಕ್ಸ್‌ಪೋ ಎಂಬ ಸಲಕರಣೆ ಇದೆ, ಅದರಲ್ಲಿ ‘ಪ್ರಿಬಿಲ್ಡ್’ ಎಂಬ ಆಜ್ಞೆ ಇದೆ. ಆ್ಯಪಿನ ಹೆಸರು, ಚಿಹ್ನೆ, ಬೇಕಾದ ಅನುಮತಿಗಳು, ವಿಶೇಷ ಬದಲಾವಣೆಗಳು ಇವಿಷ್ಟನ್ನು ಒಂದೇ ಫೈಲಿನಲ್ಲಿ ಬರೆಯಬೇಕು. ಆಜ್ಞೆ ಕೊಟ್ಟರೆ ಯಂತ್ರವು ಆಯಾ ಆವೃತ್ತಿಯ ಅಚ್ಚನ್ನು ತೆಗೆದುಕೊಂಡು, ನಿಮ್ಮ ಫೈಲಿನಲ್ಲಿದ್ದಂತೆ ತಿದ್ದಿ, ಆ ಎರಡು ಫೋಲ್ಡರುಗಳನ್ನು ಹೊಸದಾಗಿ ಮಾಡಿಕೊಡುತ್ತದೆ. ಫೋಲ್ಡರು ಬೇಡವೆನಿಸಿದರೆ ಅಳಿಸಿ. ಬೇಕೆನಿಸಿದಾಗ ಮತ್ತೆ ಹುಟ್ಟುತ್ತದೆ. ಅದನ್ನು ಕೂಡಿಡುವ ಅಗತ್ಯವೇ ಇಲ್ಲ. ಮುಂದಿನ ವರ್ಷ ಗೂಗಲ್ಲಿನ ಮಿತಿ ಏರಿದರೆ ಅಚ್ಚು ಬದಲಾಗುತ್ತದೆ, ನಿಮ್ಮ ಪುಟ ಹಾಗೇ ಇರುತ್ತದೆ.

ಇದನ್ನು ನಾನು ವಾಡಿಯ ಹುಡುಗಿಯ ಮನೆಯಲ್ಲಿ ವಿವರಿಸುತ್ತಿದ್ದಾಗ ಅವಳ ತಂದೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ವಾಡಿಯಲ್ಲಿ 1968ರಿಂದ ಸಿಮೆಂಟು ತಯಾರಾಗುತ್ತಿದೆ, ಅಲ್ಲಿನ ಮನೆಗಳಲ್ಲಿ ಸಿಮೆಂಟಿನ ಮಾತು ಅಡುಗೆಯ ಮಾತಿನಷ್ಟೇ ಸಹಜ. ಮಗಳು ಫೋಲ್ಡರು ಅಳಿಸುವ ಕೆಲಸ ಕಲಿಯುತ್ತಿದ್ದಾಳೆ ಎಂಬುದು ಅವರಿಗೆ ಮೊದಲು ಸರಿಬರಲಿಲ್ಲ. ‘ಮಾಡಿದ್ದು ಯಾಕ ಅಳಸಬೇಕ್ರಿ ಸರ?’ ಎಂದು ಕೇಳಿದರು. ನಾನು ಹೇಳಿದೆ. ಸ್ವಲ್ಪ ಯೋಚಿಸಿ ಅವರೇ ಅಂದರು: ‘ಅಂದ್ರ ಚೀಲದಾಗ ಸುಣ್ಣ ಬೆರಸೂ ಹಾಂಗಿಲ್ಲ ಅಂತೀರಿ.’

ನನಗೆ ಹೊಳೆಯದ ಹೋಲಿಕೆ ಅದು. ಸಿಮೆಂಟು ಆಗುವ ಬಗೆ ನೋಡಿ. ಸುಣ್ಣದ ಕಲ್ಲು ಒಡೆದು, ಲ್ಯಾಟರೈಟ್, ಜೇಡಿಯಂಥ ಮಣ್ಣು ಸೇರಿಸಿ, ನುಣ್ಣಗೆ ಅರೆದು, ಸುಮಾರು 1450 ಡಿಗ್ರಿ ಶಾಖದ ಉದ್ದನೆಯ ಕುಲುಮೆಯಲ್ಲಿ ಸುಡುತ್ತಾರೆ. ಹೊರಬರುವ ಗಟ್ಟಿ ಗೋಲಿಗಳೇ ಕ್ಲಿಂಕರ್. ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟು. ಜಿಪ್ಸಮ್ ಇಲ್ಲದಿದ್ದರೆ ನೀರು ತಾಗಿದೊಡನೆ ಬಿಗಿದುಕೊಳ್ಳುತ್ತದೆ, ಗೌಂಡಿ ಕರಣೆ ಎತ್ತುವುದಕ್ಕೂ ಪುರಸೊತ್ತಿರುವುದಿಲ್ಲ. ಪ್ರಯೋಗಾಲಯದವರು ಆಗಾಗ ನಮೂನೆ ತೆಗೆದು ಪರೀಕ್ಷಿಸುತ್ತಾರೆ. ಸುಣ್ಣ ಕಡಿಮೆ ಬಿತ್ತೆನ್ನಿ. ತುಂಬಿದ ಚೀಲ ಬಿಚ್ಚಿ ಸುಣ್ಣ ಸುರಿಯುತ್ತಾರೆಯೆ? ಇಲ್ಲ, ಹಿಂದೆ ಹೋಗಿ ಕಚ್ಚಾ ಮಿಶ್ರಣದ ಪ್ರಮಾಣ ತಿದ್ದುತ್ತಾರೆ. ಚೀಲ ತಾನಾಗಿ ಸರಿಯಾಗುತ್ತದೆ. ಚೀಲ ತಿದ್ದಿದರೆ ಅದೊಂದೇ ಸರಿಯಾದೀತು, ಮುಂದಿನ ಚೀಲ ಮತ್ತೆ ಹಾಗೇ ಬರುತ್ತದೆ. ಯಂತ್ರ ಹುಟ್ಟಿಸಿದ ಫೋಲ್ಡರನ್ನು ಕೈಯಿಂದ ತಿದ್ದಬಾರದು ಎಂಬ ನಿಯಮ ವಿದ್ಯಾರ್ಥಿಗಳ ತಲೆಗೆ ಹತ್ತುವುದು ಬಹಳ ಕಷ್ಟ, ಕೈ ತುರಿಸುತ್ತದೆ. ಆ ದಿನದ ನಂತರ ಇಬ್ಬರಲ್ಲಿ ಯಾರಾದರೂ ನೇರವಾಗಿ ಫೋಲ್ಡರಿಗೆ ಕೈಹಾಕಿದರೆ ಇನ್ನೊಬ್ಬರು ‘ಚೀಲಾ, ಚೀಲಾ’ ಎನ್ನತೊಡಗಿದರು.

ಆದರೆ ಹೊಸ ಆ್ಯಪಿಗೆ ಈ ಕ್ರಮ ಹೇಳುವುದು ಸುಲಭ. ಬದುಕಿರುವ ಹಳೆಯ ಆ್ಯಪನ್ನು ಇದಕ್ಕೆ ತರುವುದೇ ನಿಜವಾದ ಕೆಲಸ. ಮೊದಲು ಪತ್ತೇದಾರಿ. 0.64 ಆವೃತ್ತಿಯ ಒಂದು ಖಾಲಿ ಪ್ರಾಜೆಕ್ಟು ಹುಟ್ಟಿಸಿ, ಅದರ ಆಂಡ್ರಾಯ್ಡ್ ಫೋಲ್ಡರನ್ನೂ ನಮ್ಮ ಹಳೆಯದನ್ನೂ ಎದುರುಬದುರು ಇಟ್ಟು ಹೋಲಿಸಿದೆವು. ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಮನುಷ್ಯನ ಕೈ ಬಿದ್ದಿದೆ ಎಂದರ್ಥ. ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದಳು: ಏನು ಬದಲಾಗಿದೆ, ಯಾಕೆ, ಈಗಲೂ ಬೇಕೆ. ‘ಯಾಕೆ’ ಎಂಬ ಅಂಕಣ ಬಹಳ ದಿನ ಖಾಲಿ ಇತ್ತು. ಒಂದಿಷ್ಟು ಸಾಲುಗಳು ಹಿಂದೆಂದೋ ತೆಗೆದುಹಾಕಿದ ಸೌಲಭ್ಯಗಳ ಹೆಣಗಳು, ಅವನ್ನು ಬಿಟ್ಟೆವು. ಹೆಚ್ಚಿನವು ಹೊಸ ಫೈಲಿನಲ್ಲಿ ಒಂದೊಂದು ಪದದಲ್ಲಿ ಬರೆಯಬಹುದಾದವು: ಹೆಸರು, ಚಿಹ್ನೆ, ಕನ್ನಡದ ಅಕ್ಷರ, ಅನುಮತಿಗಳು. ಚೀಟಿಯನ್ನು ವಾಟ್ಸ್ಯಾಪಿಗೆ ಕಳಿಸುವ ಏರ್ಪಾಡಿಗೆ ಮಾತ್ರ ನಾವೇ ಒಂದು ಪ್ಲಗಿನ್ ಬರೆಯಬೇಕಾಯಿತು. ಪ್ಲಗಿನ್ ಎಂದರೆ ಫೋಲ್ಡರು ಹುಟ್ಟುವ ಪ್ರತಿ ಸಲವೂ ಇಂಥ ಕಡೆ ಇಂಥ ಸಾಲು ಸೇರಿಸು ಎಂದು ಯಂತ್ರಕ್ಕೆ ಹೇಳುವ ಪುಟ್ಟ ಪ್ರೋಗ್ರಾಮು. ಕೈಯಿಂದ ಎರಡು ನಿಮಿಷದಲ್ಲಿ ಸೇರಿಸಬಹುದಾದ ಸಾಲಿಗೆ ಎರಡು ದಿನ ಹಿಡಿಯಿತು. ಚಿಂಚೋಳಿ ಹುಡುಗ ‘ಇದು ಸೊಳ್ಳಿ ಹೊಡಿಯಾಕ ತೋಪು ತಂದಂಗಾತ್ರಿ’ ಎಂದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಬೀಗವಿಲ್ಲದ ಸಂಪರ್ಕದ ಸಾಲಿನ ಗುಟ್ಟು ಕಂಪ್ಯೂಟರಿನಿಂದ ಒಡೆಯಲಿಲ್ಲ. ಹುಡುಗಿ ಶಹಾಬಾದಕ್ಕೆ ಹೋಗಿ ಇಡೀ ದಿನ ಮುನೀಮರ ಪಕ್ಕ ಕೂತು ಅವರು ಏನೇನು ಮಾಡುತ್ತಾರೆಂದು ನೋಡಿದಳು. ಲಾರಿ ತೂಗುವ ಕಾಟಾದ ಕೋಣೆಯಲ್ಲಿ ಹಳೆಯದೊಂದು ಕಂಪ್ಯೂಟರಿದೆ. ಅಲ್ಲಿಂದ ತೂಕ ನೇರವಾಗಿ ಆ್ಯಪಿಗೆ ಬರುತ್ತದೆ. ಆ ಕಂಪ್ಯೂಟರಿಗೆ ಬೀಗ ಹಾಕಿದ ಸಂಪರ್ಕ ಗೊತ್ತಿಲ್ಲ. ‘ಅದರ ಸಲುವಾಗಿ ಆ ತಮ್ಮ ಆವತ್ತ ಏನೋ ಮಾಡಿದ್ದ ನೋಡವ್ವಾ’ ಎಂದರಂತೆ ಮುನೀಮರು. ನೋಟ್‌ಬುಕ್ಕಿನ ಒಂದು ಖಾಲಿ ಮನೆ ತುಂಬಿತು. ಹೊಸ ಫೈಲಿನಲ್ಲಿ ಆ ಅನುಮತಿಯನ್ನು ಎಲ್ಲಕ್ಕೂ ತೆರೆಯದೆ ಆ ಒಂದು ಕಂಪ್ಯೂಟರಿಗಷ್ಟೇ ಸೀಮಿತಗೊಳಿಸಿದೆವು.

ಮೂಲ ಒಂದು, ಪ್ರತಿಗಳು ಹಲವು, ಪ್ರತಿಯೊಂದರಲ್ಲೂ ಸ್ಥಳೀಯ ತಿದ್ದುಪಡಿ: ಈ ಸಮಸ್ಯೆ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಗೆ ಶಾಲೆಯ ಪ್ರವಾಸಕ್ಕೆ ಹೋದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಅಲ್ಲಿ ಚಂದ್ರಲಾಂಬೆಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿರುವುದು ಅವನ 12 ಮತ್ತು 14ನೆಯ ಬಂಡೆ ಶಾಸನಗಳ ಭಾಗಗಳು, ಮತ್ತು ಒಡಿಶಾದ ಧೌಲಿ, ಜೌಗಡಗಳಲ್ಲಿ ಸಿಕ್ಕಿರುವ ಪ್ರತ್ಯೇಕ ಶಾಸನಗಳು. ಈ 14ನೆಯದು ನನಗೆ ಬಹಳ ಇಷ್ಟ. ಅಲ್ಲಿ ಅರಸ ತನ್ನ ಶಾಸನಗಳ ಪ್ರತಿಗಳ ಬಗ್ಗೆಯೇ ಮಾತಾಡುತ್ತಾನೆ: ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ನಡುತರವಾಗಿ, ಕೆಲವು ಕಡೆ ವಿಸ್ತಾರವಾಗಿ ಬರೆಸಲಾಗಿದೆ, ಎಲ್ಲ ಕಡೆಗೂ ಎಲ್ಲವೂ ಹೊಂದುವುದಿಲ್ಲ, ಎಲ್ಲಾದರೂ ಅಪೂರ್ಣವಾಗಿದ್ದರೆ ಅದು ಸ್ಥಳದ ಕಾರಣಕ್ಕೋ ಬರೆದವನ ತಪ್ಪಿನಿಂದಲೋ ಆಗಿರಬಹುದು ಎಂಬ ಅರ್ಥದ ಮಾತು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ನಮ್ಮ ಭೀಮಾ ದಂಡೆಗೆ ಬಂದ ಪ್ರತಿಯಲ್ಲೂ ಈ ಎಚ್ಚರಿಕೆ ಸೇರಿತ್ತು. ಕಲ್ಲಿನ ಮೇಲೆ ಕೊರೆದದ್ದನ್ನು ಅಳಿಸಿ ಮತ್ತೆ ಹುಟ್ಟಿಸುವ ಅನುಕೂಲ ಅರಸನಿಗಿರಲಿಲ್ಲ, ನಮಗಿದೆ.

ಇನ್ನು ಅಳಿಸುವ ಗಳಿಗೆ. ಪ್ರಿಬಿಲ್ಡ್ ಆಜ್ಞೆಗೆ ‘ಕ್ಲೀನ್’ ಎಂಬ ಬಾಲ ಹಚ್ಚಿದರೆ ಅದು ಹಳೆಯ ಎರಡೂ ಫೋಲ್ಡರುಗಳನ್ನು ಮುಲಾಜಿಲ್ಲದೆ ತೆಗೆದುಹಾಕಿ ಹೊಸವನ್ನು ಮಾಡುತ್ತದೆ. ಹಳೆಯದೆಲ್ಲ ಗಿಟ್ ಭಂಡಾರದಲ್ಲಿ ಭದ್ರವಾಗಿತ್ತು, ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲೂ ಇತ್ತು. ಆದರೂ ಆಜ್ಞೆ ಬರೆದು ಹುಡುಗಿಯ ಬೆರಳು ಎಂಟರ್ ಗುಂಡಿಯ ಮೇಲೆ ನಿಂತುಬಿಟ್ಟಿತು. ‘ಖರೇನೇ ಅಳಸಲೇನ್ರಿ ಸರ?’ ಅಳಿಸು ಎಂದೆ. ಹೊಸ ಫೋಲ್ಡರು ಹುಟ್ಟಿತು. ಕಟ್ಟಲು ಕೊಟ್ಟರೆ ಅರ್ಧಕ್ಕೇ ನಿಂತಿತು.

ನಿಂತದ್ದು ಪ್ರಿಂಟರಿನ ದೆಸೆಯಿಂದ. ಪ್ರಿಂಟರಿನೊಡನೆ ಮಾತಾಡುವ ಬೇರೆಯವರ ಲೈಬ್ರರಿಯೊಂದನ್ನು ಹಳೆಯ ಹುಡುಗರು ಬಳಸಿದ್ದರು. ಅದನ್ನು ಬರೆದವರು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದಾರೆ. ಅದು ತನಗೆ ಬೇಕಾದ ಸಾಮಾನನ್ನು ಜೆಸೆಂಟರ್ ಎಂಬ ಉಗ್ರಾಣದಿಂದ ತರಿಸುತ್ತಿತ್ತು. ಆ ಉಗ್ರಾಣ ಮುಚ್ಚುವುದಾಗಿ 2021ರಲ್ಲೇ ಘೋಷಣೆಯಾಗಿತ್ತು. ಯಂತ್ರದಿಂದ ಹುಟ್ಟಿಸುವ ಕ್ರಮಕ್ಕೆ ಇಂಥದಕ್ಕೆ ಔಷಧಿ ಇಲ್ಲ, ಇದನ್ನು ಯಾರೂ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಮೂರು ವಾರಾಂತ್ಯ ಕೂತು ಆ ಲೈಬ್ರರಿಯನ್ನೇ ತಿದ್ದಿ, ತಿದ್ದಿದ್ದನ್ನು ಒಂದು ಪ್ಯಾಚ್ ಫೈಲಾಗಿ ಪ್ರಾಜೆಕ್ಟಿನಲ್ಲಿ ಸೇರಿಸಿದೆವು. ಒಂದು ಸಲ ಎಲ್ಲ ಇಳಿಸಿಕೊಳ್ಳಲು ಗಿಗಾಬೈಟುಗಟ್ಟಲೆ ಬೇಕು. ಚಿಂಚೋಳಿ ಹುಡುಗ ಸಿಗ್ನಲ್ಲಿಗಾಗಿ ಮನೆಯ ಮಾಳಿಗೆ ಹತ್ತಿ, ರಾತ್ರಿ ಹನ್ನೆರಡರ ಮೇಲೆ ಇಳಿಸಿಕೊಳ್ಳುತ್ತಿದ್ದ.

ಅಳಿಸಿದರೆ ಮತ್ತೆ ಹುಟ್ಟದ ವಸ್ತುವೂ ಒಂದಿದೆ: ಆ್ಯಪಿನ ಮುದ್ರೆ, ಅಂದರೆ ಕೀಸ್ಟೋರ್ ಫೈಲು. ಇದನ್ನು ಯಾವ ಯಂತ್ರವೂ ನಿಮಗಾಗಿ ಹುಟ್ಟಿಸಲಾರದು. ಆಗಸ್ಟ್ 2021ರಿಂದ ಹೊಸ ಆ್ಯಪುಗಳ ಮುಖ್ಯ ಮುದ್ರೆಯನ್ನು ಗೂಗಲ್ಲೇ ಇಟ್ಟುಕೊಳ್ಳುತ್ತದೆ, ಆದರೆ ಅದಕ್ಕೂ ಹಿಂದಿನ ಹಲವು ಆ್ಯಪುಗಳದು ಇಂದಿಗೂ ಮಾಡಿದವರ ಬಳಿಯೇ ಇದೆ. ಮುದ್ರೆ ಬೇರೆಯಾದರೆ ಫೋನು ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಹಾಕಲು ಬಿಡುವುದಿಲ್ಲ. ಆ್ಯಪಿನ ಒಳಹೆಸರು ಒಂದಕ್ಷರ ಬದಲಾದರೂ ಅದು ಬೇರೆಯೇ ಆ್ಯಪು, ಒಳಗಿನ ಲೆಕ್ಕ ಕಾಣುವುದಿಲ್ಲ. ಸಾಹುಕಾರರ ಆರು ವರ್ಷದ ಉದ್ರಿ ಈ ಎರಡು ಎಳೆಗಳ ಮೇಲೆ ತೂಗುತ್ತಿತ್ತು. ಪುಣೆಯ ಹುಡುಗ ಅಂದು ಸಂಜೆ ಹಳೆಯ ಲ್ಯಾಪ್‌ಟಾಪಿನಿಂದ ಹುಡುಕಿ ಕಳಿಸಿದ್ದು ಇದನ್ನೇ. ಲ್ಯಾಪ್‌ಟಾಪು ಗುಜರಿಗೆ ಹೋಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಪರೀಕ್ಷೆಗೆ ಒಂದು ಹಳೆಯ ಫೋನು ತಂದು, ಅದರಲ್ಲಿ ಹಳೆಯ ಆ್ಯಪು ಹಾಕಿ, ಇಪ್ಪತ್ತು ಗಿರಾಕಿಗಳ ಸುಳ್ಳು ಲೆಕ್ಕ ತುಂಬಿ, ಅದರ ಮೇಲೆ ಹೊಸದನ್ನು ಹಾಕಿದೆವು. ತೆರೆಯಿತು. ಇಪ್ಪತ್ತೂ ಲೆಕ್ಕ ಇದ್ದವು. ಹುಡುಗಿ ಒಂದೊಂದನ್ನೂ ನೋಟ್‌ಬುಕ್ಕಿಗೆ ತಾಳೆ ನೋಡಿದಳು. ಆದರೆ ಚೀಟಿ ಒತ್ತಿದರೆ ಪ್ರಿಂಟರು ಗಪ್‌ಚಿಪ್. ಕಾರಣ ಹುಡುಕಿದವನು ಚಿಂಚೋಳಿಯವನು. ಆಂಡ್ರಾಯ್ಡ್ 12ರಿಂದ, ಆ ಮಟ್ಟಕ್ಕೆ ಹೊಂದಿಕೊಂಡ ಆ್ಯಪುಗಳು ಬ್ಲೂಟೂತ್ ಬಳಸುವ ಮುನ್ನ ಬಳಕೆದಾರನನ್ನು ಕೇಳಿ ಒಪ್ಪಿಗೆ ಪಡೆಯಬೇಕು. ಹಳೆಯದು 30ರಲ್ಲಿ ನಿಂತಿದ್ದರಿಂದ ಅದಕ್ಕೆ ಈ ಕಟ್ಟಳೆ ತಾಗಿರಲೇ ಇಲ್ಲ. ನಮ್ಮ ಫೈಲಿನ ಅನುಮತಿಗಳ ಪಟ್ಟಿಗೆ ಒಂದು ಹೆಸರು ಸೇರಿಸಿ, ಕೇಳುವ ಮಾತನ್ನು ಪ್ರೋಗ್ರಾಮಿಗೆ ಬರೆದು, ಫೋಲ್ಡರು ಅಳಿಸಿ ಮತ್ತೆ ಹುಟ್ಟಿಸಿದೆವು. ಈ ಸಲ ಅಳಿಸುವಾಗ ಅವಳು ನನ್ನ ಮುಖ ನೋಡಲಿಲ್ಲ.

ಈ ಕ್ರಮ ಎಲ್ಲರಿಗೂ ಸರಿಯೆಂದು ನಾನು ಹೇಳುವುದಿಲ್ಲ. ಆಂಡ್ರಾಯ್ಡಿನ ಒಳಗಿನದನ್ನೇ ವಿಶೇಷವಾಗಿ ಬರೆದುಕೊಂಡಿರುವ ದೊಡ್ಡ ಆ್ಯಪು, ಅದನ್ನು ನೋಡಿಕೊಳ್ಳಲು ನುರಿತವರ ತಂಡ ಇದ್ದರೆ ಕೈಯಿಂದ ಇಟ್ಟುಕೊಳ್ಳುವುದೇ ಲೇಸು. ಪ್ಲಗಿನ್‌ಗಳು ಅಚ್ಚಿನಲ್ಲಿ ಇಂಥ ಕಡೆ ಇಂಥ ಸಾಲಿದೆ ಎಂಬ ನಂಬಿಕೆಯ ಮೇಲೆ ನಿಂತಿರುತ್ತವೆ, ಅಚ್ಚು ಬದಲಾದರೆ ಅವೂ ಮುಗ್ಗರಿಸುತ್ತವೆ. ಎಕ್ಸ್‌ಪೋ ಕೂಡ ಒಂದು ಕಂಪನಿಯ ಸೃಷ್ಟಿ, ನಾಳೆ ಅದು ದಾರಿ ಬದಲಿಸಬಹುದು. ಹಾಗಾದರೂ ಕೊನೆಯ ಸಲ ಹುಟ್ಟಿದ ಫೋಲ್ಡರನ್ನು ಉಳಿಸಿಕೊಂಡು ಮತ್ತೆ ಹಳೆಯ ಪದ್ಧತಿಗೆ ಹೋಗುವ ದಾರಿ ಇದೆ. ಹಿಂಬಾಗಿಲು ಇದೆ ಎಂದು ಗೊತ್ತಿದ್ದೇ ನಾನು ಮುಂಬಾಗಿಲಿನಿಂದ ಒಳಗೆ ಹೋದದ್ದು.

ತಂದೆ-ತಾಯಿಗಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇದರಿಂದ ನೌಕರಿ ಸಿಗುತ್ತದೆಯೆ? ವಾಡಿಯ ಹುಡುಗಿಗೆ ಸಿಕ್ಕಿದೆ, ಬೆಂಗಳೂರಿನಲ್ಲಿ. ಸಂದರ್ಶನದಲ್ಲಿ ತಾನು ಮಾಡಿದ ಆ್ಯಪು ಯಾವುದೆಂದು ಕೇಳಿದಾಗ ಆ್ಯಪು ಮಾಡಿಲ್ಲ, ಇದ್ದುದನ್ನು ಬದುಕಿಸಿದ್ದೇನೆ ಎಂದು ಹೇಳಿ ನೋಟ್‌ಬುಕ್ಕು ತೆಗೆದಳಂತೆ. ಅದನ್ನು ನೋಡಿ ನೌಕರಿ ಕೊಟ್ಟರೆಂದು ನಾನು ಎದೆ ತಟ್ಟಿ ಹೇಳಲಾರೆ. ಹೊರಡುವ ಮುನ್ನ ಅವಳು ಮಾಡಿದ ಕೆಲಸ ಮಾತ್ರ ನನ್ನ ಕಣ್ಣೆದುರಿಗಿದೆ. ಈ ಕ್ರಮದ ಫೈಲನ್ನು ಎರಡು ಬಗೆಯಲ್ಲಿ ಬರೆಯಬಹುದು. ಜೆಸನ್ ಎಂಬ ಬಗೆಯಲ್ಲಿ ಟಿಪ್ಪಣಿ ಬರೆಯಲು ಜಾಗವಿಲ್ಲ, ಜಾವಾಸ್ಕ್ರಿಪ್ಟಿನ ಬಗೆಯಲ್ಲಿ ಇದೆ. ಅವಳು ಎರಡನೆಯದಕ್ಕೆ ಬದಲಿಸಿ, ನೋಟ್‌ಬುಕ್ಕಿನ ‘ಯಾಕೆ’ ಅಂಕಣವನ್ನು ಆಯಾ ಸಾಲಿನ ಮೇಲೆ ಕನ್ನಡದಲ್ಲೇ ಬರೆದಳು. ಬೀಗವಿಲ್ಲದ ಸಂಪರ್ಕದ ಮೇಲೆ ‘ಕಾಟಾದ ಹಳೆಯ ಕಂಪ್ಯೂಟರಿಗಾಗಿ, ಅದು ಬದಲಾದ ದಿನ ಇದನ್ನು ತೆಗೆಯಿರಿ’ ಎಂದಿದೆ. ಮುದ್ರೆಯ ಫೈಲನ್ನೂ ಗುಪ್ತಪದವನ್ನೂ ಲಕೋಟೆಯಲ್ಲಿ ಹಾಕಿ ಸಾಹುಕಾರರ ತಿಜೋರಿಯಲ್ಲಿ ಇಡಿಸಿದ್ದೂ ಅವಳೇ. ‘ಬಂಗಾರದ ಬಾಜೂಕ ಇಟ್ಟೀನಿ ನೋಡವ್ವಾ’ ಎಂದರಂತೆ ಅವರು.

ಈಗ ಆ್ಯಪು ಚಿಂಚೋಳಿ ಹುಡುಗನ ಕೈಯಲ್ಲಿದೆ. ಮುಂದಿನ ಆವೃತ್ತಿಗೆ ಏರಿಸುವ ಹೊತ್ತು ಬಂದಾಗ ನನ್ನನ್ನು ಕರೆಯಲಿಲ್ಲ. ನಾವು ಬರೆದ ಪ್ಲಗಿನ್ ಒಂದು ಕಡೆ ಮುಗ್ಗರಿಸಿತಂತೆ, ಮೇಲಿನ ಟಿಪ್ಪಣಿ ಓದಿ ಸರಿಪಡಿಸಿಕೊಂಡನಂತೆ. ರಾತ್ರಿ ಒಂದರ ಸುಮಾರಿಗೆ ಒಂದು ಫೋಟೋ ಕಳಿಸಿದ. ಪ್ರಿಂಟರಿನಿಂದ ಬಂದ ಚೀಟಿ: ಎರಡಡಿ ಎರಡಡಿ ಫರ್ಸಿ, 40 ಕಲ್ಲು, 160 ಚದರಡಿ, ಪಾಲಿಶ್ ಇಲ್ಲ, ಉದ್ರಿ.